ಕಲ್ಲಿಗೊಂದು ವಿಳಾಸ: ಭೂವಿಜ್ಞಾನ ಸಂಶೋಧನಾ ಗುಂಪಿಗೆ ಸೇರುವವರಿಗೆ ಧಾರವಾಡದಿಂದ ಒಂದು ಸಮಗ್ರ ಮಾರ್ಗದರ್ಶಿ

ನಾನು ಸಂಶೋಧನೆಗೆ ಸೇರಿದಾಗ ನಮ್ಮ ಲ್ಯಾಬಿನ ಬಾಗಿಲು ಗಾಳಿಗೆ ಬಡಿಯದಿರಲೆಂದು ಒಂದು ಕಲ್ಲು ಅಡ್ಡ ಇಟ್ಟಿದ್ದರು. ತೆಂಗಿನಕಾಯಿಗಿಂತ ತುಸು ದೊಡ್ಡದು, ಎತ್ತಿದರೆ ರಟ್ಟೆ ಜಗ್ಗುವಷ್ಟು ತೂಕ. ಇಳಕಲ್ ಸೀರೆಯ ಅಂಚಿನ ಹಾಗೆ ಕೆಂಪು, ಕಪ್ಪು, ಮತ್ತೆ ಕೆಂಪು ಪಟ್ಟಿ. ಅದು ಪಟ್ಟೆ ಕಬ್ಬಿಣದ ಕಲ್ಲು, ನಮ್ಮ ಮಾತಿನಲ್ಲಿ ಬಿಐಎಫ್, ಎಂದು ಎಂಎಸ್ಸಿ ಮೊದಲ ಸೆಮಿಸ್ಟರಿನ ಹುಡುಗರೂ ಹೇಳಿಬಿಡುತ್ತಿದ್ದರು. ಎಲ್ಲಿಯದು ಎಂದು ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಗದಗ ಕಡೆಯದು ಎಂದು ಒಬ್ಬರು, ಸಂಡೂರಿನದು ಎಂದು ಇನ್ನೊಬ್ಬರು. ಯಾರೋ ಹಿರಿಯರು ಬಿಸಿಲಲ್ಲಿ ಒಡೆದು, ಬೆನ್ನ ಮೇಲೆ ಹೊತ್ತು ತಂದ ಸ್ಯಾಂಪಲ್ ಅದು. ಚೀಟಿ ಉದುರಿತು, ಸ್ಯಾಂಪಲ್ ಹೋಗಿ ಬಾಗಿಲುಗಲ್ಲಾಯಿತು.

ಈ ಓಣಿಗೆ ಬರುತ್ತೇವೆ ಎನ್ನುವ ಹುಡುಗ ಹುಡುಗಿಯರಿಗೆ ನಾನು ಮೊದಲು ಆ ಕಲ್ಲು ತೋರಿಸುತ್ತೇನೆ. ಯಂತ್ರ, ಸಾಫ್ಟ್‌ವೇರ್, ಇಂಪ್ಯಾಕ್ಟ್ ಫ್ಯಾಕ್ಟರ್ ಎಲ್ಲ ಆಮೇಲೆ. ಎಲ್ಲಿಂದ ತಂದೆ, ಯಾವತ್ತು ತಂದೆ, ಅಲ್ಲಿ ಅದು ಹೇಗೆ ಕೂತಿತ್ತು ಎಂದು ಬರೆದಿಡುವ ಚಟ ಹತ್ತಿದವರ ಪಿಎಚ್‌ಡಿ ಹೇಗೋ ದಡ ಮುಟ್ಟುತ್ತದೆ. ಹತ್ತದಿದ್ದವರು ಎಷ್ಟೇ ಜಾಣರಿರಲಿ, ಬಾಗಿಲುಗಲ್ಲು ಹೊರುತ್ತಾರೆ. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ ನೆಲವನ್ನೇ ಉದಾಹರಣೆಗೆ ಇಟ್ಟುಕೊಂಡು, ಗುಂಪಿಗೆ ಸೇರುವ ಮುಂಚಿನಿಂದ ಪೇಪರ್ ಕಳಿಸುವವರೆಗೆ ಮಾಡಬೇಕಾದದ್ದನ್ನು ಸಾಲಾಗಿ ಹೇಳುತ್ತೇನೆ.

ಹೆಜ್ಜೆ 1: ಗೈಡ್ ಹುಡುಕುವ ಮೊದಲು ಗುಂಪನ್ನು ನೋಡಿ

ವಿಷಯ ಚಂದ ಇದೆ ಎಂದು ಗೈಡ್ ಹಿಡಿಯುವವರೇ ಜಾಸ್ತಿ. ನಾನಾದರೆ ಮೊದಲು ಆ ಗುಂಪಿನ ಮೂರನೇ ವರ್ಷದ ವಿದ್ಯಾರ್ಥಿಯನ್ನು ಹುಡುಕಿ ಚಹಾಕ್ಕೆ ಕರೆಯುತ್ತೇನೆ. ಮೊದಲ ವರ್ಷದವನಿಗೆ ಏನೂ ಗೊತ್ತಿರುವುದಿಲ್ಲ, ಕೊನೆಯ ವರ್ಷದವನಿಗೆ ಥೀಸಿಸ್ ಬಿಟ್ಟು ಬೇರೆ ಲೋಕ ಇರುವುದಿಲ್ಲ. ಮೂರನೇ ವರ್ಷದವನು ನಿಜ ಹೇಳುತ್ತಾನೆ. ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ವಾರಕ್ಕೆ ಒಮ್ಮೆಯಾದರೂ ಎಲ್ಲರೂ ಕೂಡುತ್ತೀರಾ? ಫೀಲ್ಡ್ ಖರ್ಚು ಯಾರು ಕೊಡುತ್ತಾರೆ, ಮೊದಲೋ ಆಮೇಲೋ? ಸ್ಯಾಂಪಲ್ ಹೊರಗೆ ಕಳಿಸಿದರೆ ಬಿಲ್ ಯಾರ ತಲೆಗೆ? ಪೇಪರಿನಲ್ಲಿ ಮೊದಲ ಹೆಸರು ಯಾರದು? ಕೊನೆಯ ಪ್ರಶ್ನೆಗೆ ಅವನು ಚಹಾದ ಲೋಟ ನೋಡುತ್ತಾ ಕೂತರೆ ನಿಮಗೆ ಉತ್ತರ ಸಿಕ್ಕಂತೆ.

ಗೈಡ್ ಬಳಿ ಜಾಗ ಇದೆಯೇ ಎಂಬುದೂ ಮುಖ್ಯ. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. 'ನೋಡೋಣ ಬಾರಪಾ' ಎಂದವರ ಹಿಂದೆ ಒಂದು ವರ್ಷ ಸುತ್ತುವ ಬದಲು ಸೀಟು ಖಾಲಿ ಇದೆಯೇ ಎಂದು ನೇರ ಕೇಳಿ. ಅದರಲ್ಲಿ ಅಗೌರವವೇನೂ ಇಲ್ಲ.

ಹೆಜ್ಜೆ 2: ಕಾಗದ ಪತ್ರ

ಇದನ್ನು ಬೇಗ ಮುಗಿಸುತ್ತೇನೆ, ನೀವೂ ಬೇಗ ಮುಗಿಸಿ. ನಮ್ಮವರು ಬರೆಯುವ ಪರೀಕ್ಷೆ ಸಿಎಸ್‌ಐಆರ್-ಯುಜಿಸಿ ನೆಟ್‌ನ ಭೂ, ವಾಯುಮಂಡಲ, ಸಾಗರ ಮತ್ತು ಗ್ರಹ ವಿಜ್ಞಾನ ಪತ್ರಿಕೆ. ಜೊತೆಗೆ ಗೇಟ್‌ನ ಭೂವಿಜ್ಞಾನ ಪತ್ರಿಕೆಯನ್ನೂ ಬರೆದಿಟ್ಟುಕೊಳ್ಳಿ, ಓದುವ ಪುಸ್ತಕ ಹೆಚ್ಚುಕಡಿಮೆ ಅವೇ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ವೇತನ, ಸಿಕ್ಕರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ವೇತನ) ಆದ ಮೇಲೆ 42,000. ಆದರೆ ದುಡ್ಡು ತಿಂಗಳ ಮೊದಲ ತಾರೀಖಿಗೆ ಬಂದು ಬೀಳುತ್ತದೆ ಎಂದು ನಂಬಿ ಧಾರವಾಡದಲ್ಲಿ ರೂಮು ಹಿಡಿಯಬೇಡಿ. ಮೂರು ತಿಂಗಳ ಬಾಡಿಗೆ ಕೈಯಲ್ಲಿರಲಿ.

ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಪಾಠವೂ ಕಡ್ಡಾಯ. ಕೋರ್ಸ್‌ವರ್ಕ್ ನಡೆಯುವ ತಿಂಗಳುಗಳಲ್ಲಿ ಫೀಲ್ಡ್ ಬಂದ್ ಎಂದು ತಿಳಿಯುವುದು ತಪ್ಪು. ಶನಿವಾರ ಭಾನುವಾರ ಯಾರ ಅಪ್ಪಣೆಯೂ ಬೇಡ.

ಹೆಜ್ಜೆ 3: ಊರಿನ ಹೆಸರಿನ ಭಾರ ಗೊತ್ತಿರಲಿ

ನಮಗೆ ಧಾರವಾಡ ಎಂದರೆ ಪೇಡೆ, ಮಳೆ, ಕವಿಗಳು. ಜಗತ್ತಿನ ಭೂವಿಜ್ಞಾನಿಗಳಿಗೆ ಧಾರವಾಡ ಎಂದರೆ ಕಲ್ಲು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಶಿಸ್ಟ್ (ಪದರು ಪದರಾಗಿ ಸೀಳುವ ಕಲ್ಲು) ಪಟ್ಟಿಗಳನ್ನು ಸುತ್ತಲಿನ ನೈಸ್ (ಪಟ್ಟೆ ಪಟ್ಟೆಯ ಗಡಸು ಕಲ್ಲು) ಶಿಲೆಯಿಂದ ಬೇರ್ಪಡಿಸಿ 'ಧಾರವಾಡ ವ್ಯವಸ್ಥೆ' ಎಂದು ಕರೆದ. ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ 1863ರಲ್ಲಿ ಹಳೆ ಶಿಲಾಯುಗದ ಕೈಗೊಡಲಿ ಹುಡುಕಿದವನೂ ಇವನೇ. ಮುಂದೆ ಕರ್ನಾಟಕದ ಬಹುಪಾಲು ನೆಲ ಕೂತಿರುವ ಪ್ರಾಚೀನ ಭೂಖಂಡದ ತುಂಡಿಗೆ ಧಾರವಾಡ ಕ್ರೇಟಾನ್ ಎಂದೇ ಹೆಸರು ಬಂತು. ಅದರ ತಳದ ನೈಸ್ 300 ಕೋಟಿ ವರ್ಷ ಮೀರಿದ್ದು, ಮೇಲಿನ ಶಿಸ್ಟ್ ಪಟ್ಟಿಗಳು ಸುಮಾರು 290ರಿಂದ 260 ಕೋಟಿ ವರ್ಷದವು.

ಬಸ್ಸಿನ ಕಿಟಕಿಯಿಂದಲೇ ಇದನ್ನು ಓದಬಹುದು. ಹುಬ್ಬಳ್ಳಿ ಸುತ್ತ, ಕೆಳಗೆ ಹಾವೇರಿ ರಾಣೆಬೆನ್ನೂರಿನವರೆಗೆ, ಗ್ರೇವ್ಯಾಕ್ ಎಂಬ ಬೂದು ಹಸಿರು ಒರಟು ಕಲ್ಲು. ಅದು ಆ ಕಾಲದ ಸಮುದ್ರದ ಕೆಸರು ಮರಳು. ನಡುನಡುವೆ ಬೆನ್ನುಮೂಳೆಯಂತೆ ಎದ್ದ ಗುಡ್ಡದ ಸಾಲು ಬಿಐಎಫ್ ಅಥವಾ ಚರ್ಟ್ ಎಂಬ ಗಟ್ಟಿ ಸಿಲಿಕಾ ಕಲ್ಲು. ಮೆತ್ತಗಿನ ಶಿಸ್ಟ್ ಸವೆದು ಹೋಯಿತು, ಗಟ್ಟಿ ಇದ್ದದ್ದು ಉಳಿಯಿತು. ನವಲಗುಂದ ಅಣ್ಣಿಗೇರಿ ಕಡೆ ಎರೆ ಮಣ್ಣು ಎಲ್ಲವನ್ನೂ ಮುಚ್ಚಿದೆ. ಅಲ್ಲಿ ಕಲ್ಲು ನೋಡಬೇಕೆಂದರೆ ಬಾವಿಗೆ ಇಣುಕಬೇಕು. ಗದಗಿನ ಪಟ್ಟಿ ಚಿತ್ರದುರ್ಗದ ಪಟ್ಟಿಯ ಉತ್ತರದ ಬಾಲ. ಅದರ ಪೂರ್ವದ ಅಂಚಿನ ಸುಮಾರಿಗೆ ಕ್ರೇಟಾನ್ ಪಶ್ಚಿಮ, ಪೂರ್ವ ಎಂದು ಎರಡಾಗುತ್ತದೆ ಎನ್ನುತ್ತಾರೆ. ಆ ಗೆರೆ ಎಲ್ಲಿ ಎಂಬ ಜಗಳ ನಿಮ್ಮ ಪಿಎಚ್‌ಡಿ ಮುಗಿದ ಮೇಲೂ ಇರುತ್ತದೆ. ಬೇಕಾದರೆ ನೀವೂ ಸೇರಿಕೊಳ್ಳಿ.

ಹೆಜ್ಜೆ 4: ನಕಾಶೆ ಮೊದಲು, ಬೂಟು ಆಮೇಲೆ

ಮೊದಲ ಆರು ತಿಂಗಳಿನ ಒಳ್ಳೆಯ ಕೆಲಸವೆಂದರೆ ಒಂದು ಮೂಲ ನಕಾಶೆ. ಸರ್ವೇ ಆಫ್ ಇಂಡಿಯಾದ ಹಳೆಯ ಟೋಪೋಶೀಟ್‌ಗಳಲ್ಲಿ (ನೆಲದ ಏರಿಳಿತ ತೋರಿಸುವ ನಕಾಶೆ ಹಾಳೆಗಳಲ್ಲಿ) ಧಾರವಾಡ ಹುಬ್ಬಳ್ಳಿ 48 ಎಂ/3ರಲ್ಲಿ, ಗದಗ 48 ಎಂ/11ರಲ್ಲಿ, ಕಪ್ಪತಗುಡ್ಡದ ಬಹುಭಾಗ 48 ಎಂ/12ರಲ್ಲಿ ಬರುತ್ತದೆ. ಹಾವೇರಿಗೆ 48 ಎನ್ ನೋಡಬೇಕು. 1:50,000 ಪ್ರಮಾಣ ಎಂದರೆ ಹಾಳೆಯ ಮೇಲಿನ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ (ಜಿಎಸ್‌ಐ) ಭೂಕೋಶ್ ಜಾಲತಾಣದಿಂದ ಭೂವೈಜ್ಞಾನಿಕ ನಕಾಶೆ ಪುಕ್ಕಟೆ ಇಳಿಸಿಕೊಳ್ಳಬಹುದು. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರಗಳೂ ಪುಕ್ಕಟೆ. ಫೆಬ್ರವರಿಯಿಂದ ಏಪ್ರಿಲ್ ನಡುವಿನ ಚಿತ್ರ ಆರಿಸಿ. ಹೊಲ ಖಾಲಿ, ಮೋಡ ಇಲ್ಲ, ಕಲ್ಲು ಮಣ್ಣು ಬೆತ್ತಲೆ ಕಾಣುತ್ತವೆ. ಎಲ್ಲವನ್ನೂ ಕ್ಯೂಜಿಐಎಸ್ ಎಂಬ ನಕಾಶೆ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಹಾಸಿ. ಅದೂ ಪುಕ್ಕಟೆ, ಕಳ್ಳ ಸಾಫ್ಟ್‌ವೇರ್ ಹಾಕಿಕೊಂಡು ವೈರಸ್ ತಂದು ಇಡೀ ಗುಂಪಿನ ಪೆನ್‌ಡ್ರೈವ್ ಕೆಡಿಸಬೇಡಿ.

ಎಡವುವುದು ಒಂದು ಕಡೆ. ಅಕ್ಷಾಂಶ ರೇಖಾಂಶ ಅಳೆಯಲು ಹಿಡಿದ ಭೂಮಿಯ ಮಾದರಿಗೆ ಡೇಟಮ್ ಎನ್ನುತ್ತಾರೆ. ಹಳೆಯ ಟೋಪೋಶೀಟ್ ಎವರೆಸ್ಟ್ ಡೇಟಮ್‌ನಲ್ಲಿದೆ, ನಿಮ್ಮ ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್ 84ರಲ್ಲಿದೆ. ಬದಲಾಯಿಸದೆ ಹಾಗೇ ಹಾಕಿದರೆ ಬಿಂದು ನೂರು ಮೀಟರಿಗೂ ಹೆಚ್ಚು ಸರಿಯಬಹುದು. ಬಿಐಎಫ್ ಸಾಲಿನ ಮೇಲೆ ತೆಗೆದ ಕಲ್ಲು ನಕಾಶೆಯಲ್ಲಿ ಪಕ್ಕದ ಜೋಳದ ಹೊಲದಲ್ಲಿ ಕೂರುತ್ತದೆ. ಮೀಟರಿನಲ್ಲಿ ಸ್ಥಳ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ ನಮ್ಮ ನಾಲ್ಕೂ ಊರು 43ನೇ ವಲಯದಲ್ಲಿವೆ. ಗುಂಪಿನ ಎಲ್ಲರೂ ಒಂದೇ ಪದ್ಧತಿ ಹಿಡಿಯಿರಿ, ಅದನ್ನು ಗೋಡೆ ಮೇಲೆ ಬರೆದು ಅಂಟಿಸಿ.

ಹೆಜ್ಜೆ 5: ವಾರದ ಕೂಟ

ಸೋಮವಾರ ಬೇಡ, ಶನಿವಾರ ಬೇಡ. ನಡುವಾರ ಮಧ್ಯಾಹ್ನ ಒಂದೂವರೆ ತಾಸು ಸಾಕು. ಒಬ್ಬರು ಒಂದು ಪೇಪರ್ ಓದಿ ಹೇಳುವುದು, ಇನ್ನೊಬ್ಬರು ತಮ್ಮ ಹದಿನೈದು ದಿನದ ಕೆಲಸ ಹೇಳುವುದು. ಪೇಪರ್ ಓದುವ ಕ್ರಮಕ್ಕೆ ನನ್ನದೊಂದು ಹಟ ಇದೆ: ಮೊದಲು ಚಿತ್ರ ಮತ್ತು ಕೋಷ್ಟಕ, ಆಮೇಲೆ ಸ್ಯಾಂಪಲ್ ಎಲ್ಲಿಂದ ತಂದರು ಎಂಬ ಭಾಗ, ಕೊನೆಗೆ ಸಾರಾಂಶ. ಸಾರಾಂಶ ಮೊದಲು ಓದಿದರೆ ಲೇಖಕ ಹೇಳಿದ್ದೇ ಚಿತ್ರದಲ್ಲೂ ಕಾಣತೊಡಗುತ್ತದೆ. ಬೆಂಗಳೂರಿನ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 1958ರಲ್ಲಿ ಶುರುವಾದದ್ದು. ಅದರ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ನಮ್ಮ ಸೀಮೆಯ ಒಂದೊಂದು ಗುಡ್ಡದ ಮೇಲೂ ಬರಹ ಸಿಗುತ್ತದೆ. ಬಿ. ಪಿ. ರಾಧಾಕೃಷ್ಣ ಅವರು ದಶಕಗಳ ಕಾಲ ಅದನ್ನು ಸಂಪಾದಿಸಿದರು. ಹಿಂದಿನವರ ಥೀಸಿಸ್‌ಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರ ನೋಡಿ. ನೀವು ಹೊಸದೆಂದು ತಿಳಿದ ವಿಷಯವನ್ನು ಬಹಳ ಹಿಂದೆಯೇ ಯಾರೋ ಮಾಡಿ ಮುಗಿಸಿದ್ದು ಅಲ್ಲಿ ಗೊತ್ತಾಗುತ್ತದೆ. ಬೇಸರವಾದರೂ ಬೇಗ ಗೊತ್ತಾಗುವುದು ಲೇಸು.

ಇಂಗ್ಲಿಷ್ ಬಗ್ಗೆ ಒಂದು ಮಾತು. ಹಳ್ಳಿಯ ಕನ್ನಡ ಶಾಲೆಯಿಂದ ಬಂದವರು ಕೂಟದಲ್ಲಿ ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟಿರಲಿಲ್ಲ. ನಮ್ಮ ಗುಂಪಿನಲ್ಲಿ ಆಮೇಲೆ ಒಂದು ರೂಢಿ ಬಂತು: ಸ್ಲೈಡು ಇಂಗ್ಲಿಷಿನಲ್ಲಿ, ಜಗಳ ಕನ್ನಡದಲ್ಲಿ. ಜಗಳ ಚಲೋ ಆಯಿತು, ಸ್ಲೈಡೂ ಸುಧಾರಿಸಿತು.

ಹೆಜ್ಜೆ 6: ಫೀಲ್ಡ್

ಇಲ್ಲಿ ನಿಧಾನ ಮಾಡುತ್ತೇನೆ. ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಕಾಲ: ನವೆಂಬರ್ ನಡುವಿನಿಂದ ಫೆಬ್ರವರಿ. ಮಳೆಯಲ್ಲಿ ಎರೆ ಹೊಲಕ್ಕೆ ಕಾಲಿಟ್ಟರೆ ಪ್ರತಿ ಬೂಟಿಗೂ ಎರಡು ಕಿಲೋ ಮಣ್ಣು ಮೆತ್ತುತ್ತದೆ. ಏಪ್ರಿಲ್ ಮೇ ಗದಗದ ಬಿಸಿಲು ಬಿಐಎಫ್ ಬಂಡೆಯ ಮೇಲೆ ಕೈ ಊರಲು ಬಿಡುವುದಿಲ್ಲ.

ಅನುಮತಿ: ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಕಲ್ಲು ಒಡೆಯುವುದಿರಲಿ, ಒಳಗೆ ಅಡ್ಡಾಡಲೂ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು. ಅರ್ಜಿ ವಿಭಾಗದ ಮೂಲಕ, ಸೀಸನ್‌ಗೆ ಎಷ್ಟೋ ತಿಂಗಳು ಮೊದಲೇ ಹೋಗಲಿ. ಹೊಲವಾದರೆ ಮಾಲೀಕರನ್ನು ಕೇಳಿ. ಇಲ್ಲ ಎಂದವರು ನನಗೆ ಇಬ್ಬರೋ ಮೂವರೋ ಸಿಕ್ಕಿರಬಹುದು. ಕೂಡಿಸಿ ರೊಟ್ಟಿ ಕೊಟ್ಟವರ ಲೆಕ್ಕವಿಲ್ಲ.

ಚೀಲದಲ್ಲಿ: ಸುತ್ತಿಗೆ, ಬ್ರಂಟನ್ ಅಥವಾ ಕ್ಲೈನೋಮೀಟರ್ (ದಿಕ್ಕು, ಇಳಿಜಾರು ಅಳೆಯುವ ಉಪಕರಣ), ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್, ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಇರುವ ಡ್ರಾಪರ್ ಬಾಟಲಿ, ಗಟ್ಟಿ ರಟ್ಟಿನ ನೋಟ್‌ಬುಕ್, ಪೆನ್ಸಿಲ್, ಬಟ್ಟೆ ಚೀಲಗಳು, ಕಣ್ಣಿಗೆ ಕನ್ನಡಕ, ನೀರು. ಕನ್ನಡಕವನ್ನು ಯಾರೂ ಹಾಕುವುದಿಲ್ಲ, ಚರ್ಟಿನ ಚೂರು ಒಮ್ಮೆ ಹುಬ್ಬಿಗೆ ಬಡಿದ ಮೇಲೆ ಎಲ್ಲರೂ ಹಾಕುತ್ತಾರೆ. ಆಸಿಡ್ ಯಾಕೆಂದರೆ ಸುಣ್ಣದ ಅಂಶ ಇದ್ದಲ್ಲಿ ಬುಸುಗುಡುತ್ತದೆ. ಎರೆ ಮಣ್ಣಿನ ಸುಣ್ಣದ ಗಂಟುಗಳ ಮೇಲೆ ಒಂದು ಹನಿ ಬಿಟ್ಟು ತೋರಿಸಿದರೆ ಊರ ಮಕ್ಕಳೆಲ್ಲ ದಿನವಿಡೀ ನಿಮ್ಮ ಬೆನ್ನು ಬಿಡುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಪ್ರತಿ ನಿಲುಗಡೆಗೂ ಹೀಗೆ: ತಾರೀಖು, ನಿಲುಗಡೆಯ ಸಂಖ್ಯೆ, ಅಕ್ಷಾಂಶ ರೇಖಾಂಶ, ಹತ್ತಿರದ ಗುರುತು, ಕಲ್ಲು ಏನು, ಎಷ್ಟು ಅಗಲ ಕಾಣುತ್ತದೆ, ಪಕ್ಕದ ಕಲ್ಲಿನೊಂದಿಗೆ ಗಡಿ ಹೇಗಿದೆ, ಸ್ಟ್ರೈಕ್ (ಪದರ ಓಡುವ ದಿಕ್ಕು), ಡಿಪ್ (ಪದರ ಇಳಿಯುವ ಕೋನ), ಒಂದು ಕೈಚಿತ್ರ, ಫೋಟೋ ಸಂಖ್ಯೆ, ಸ್ಯಾಂಪಲ್ ಸಂಖ್ಯೆ. ಜಿಪಿಎಸ್ ಇದ್ದರೂ 'ಹನುಮಪ್ಪನ ಗುಡಿಯಿಂದ ಪಡುವಣಕ್ಕೆ, ಒಡ್ಡಿನ ಕೆಳಗೆ, ದೊಡ್ಡ ಬೇವಿನ ಎದುರು' ಎಂದು ಬರೆಯಿರಿ. ಅಂಕಿ ತಪ್ಪಾದಾಗ ಗುಡಿ ಕಾಯುತ್ತದೆ. ಕೈಚಿತ್ರ ಬೇಡವೇ ಬೇಡ, ಫೋಟೋ ಇದೆಯಲ್ಲ ಎನ್ನುವವರಿದ್ದಾರೆ. ಫೋಟೋ ಎಲ್ಲವನ್ನೂ ತೋರಿಸುತ್ತದೆ, ನೀವು ಏನನ್ನು ನೋಡಿದಿರಿ ಎಂಬುದನ್ನು ತೋರಿಸುವುದಿಲ್ಲ.

ಸ್ಟ್ರೈಕ್ ಬರೆಯಲು ಬಲಗೈ ನಿಯಮ ಹಿಡಿಯಿರಿ: ನೀವು ನೋಡುತ್ತಿರುವ ದಿಕ್ಕಿನ ಬಲಕ್ಕೆ ಪದರ ಇಳಿಯಬೇಕು. ಇಲ್ಲಿನ ಶಿಸ್ಟ್‌ಗಳು ಹೆಚ್ಚಾಗಿ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ ಓಡುತ್ತವೆ, ಕಡಿದಾಗಿ ಇಳಿಯುತ್ತವೆ. ಬೇರೆ ಏನೋ ಬಂತೆಂದರೆ ಒಂದೋ ಅಲ್ಲಿ ಮಡಿಕೆ ಇದೆ, ಇಲ್ಲವೇ ನಿಮ್ಮ ದಿಕ್ಸೂಚಿಗೆ ದೆವ್ವ ಹಿಡಿದಿದೆ. ದೆವ್ವ ಎಂದದ್ದು ತಮಾಷೆಗಲ್ಲ. ಬಿಐಎಫ್‌ನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಇದ್ದರೆ ಮುಳ್ಳು ಬೇಕಾದ ಕಡೆ ತಿರುಗುತ್ತದೆ. ಪರೀಕ್ಷೆ ಸರಳ. ಇಬ್ಬರು ಐವತ್ತು ಹೆಜ್ಜೆ ದೂರ ನಿಂತು ಒಬ್ಬರನ್ನೊಬ್ಬರು ಗುರಿಯಿಟ್ಟು ಓದಿ. ಎರಡು ಓದಿಗೂ 180 ಡಿಗ್ರಿ ವ್ಯತ್ಯಾಸ ಬರದಿದ್ದರೆ ಇಬ್ಬರಲ್ಲಿ ಒಬ್ಬರ ಕಾಲ ಕೆಳಗೆ ಕಬ್ಬಿಣವಿದೆ. ಆಗ ಸಾಲಿನಿಂದ ದೂರ ಸರಿದು, ಅದರ ಉದ್ದಕ್ಕೆ ಗುರಿ ಹಿಡಿದು ಓದಬೇಕು.

ಇನ್ನು ಚೀಟಿ. ನನ್ನ ಮೊದಲ ಸೀಸನ್‌ನಲ್ಲಿ ಕಪ್ಪತಗುಡ್ಡದ ಬಳಿಯ ಡೋಣಿ ಕಡೆ, ಕಾಡಿನ ಗಡಿಯ ಹೊರಗೆ, ಮೂರು ದಿನ ತಿರುಗಿ 23 ಸ್ಯಾಂಪಲ್ ಮಾಡಿದ್ದೆ. ಬಟ್ಟೆ ಚೀಲದ ಮೇಲೆ ಮಾರ್ಕರ್‌ನಲ್ಲಿ ಸಂಖ್ಯೆ, ಅಷ್ಟೇ. ಗೋಣಿಯಲ್ಲಿ ತುಂಬಿ ಬಸ್ಸಿನ ಹಿಂದಿನ ಸೀಟಿನ ಕೆಳಗೆ ತಳ್ಳಿ ನಿದ್ದೆ ಹೋದೆ. ಪಕ್ಕದಲ್ಲಿ ಯಾರದೋ ಕುಸುಬಿ ಎಣ್ಣೆಯ ಡಬ್ಬಿ. ಧಾರವಾಡದಲ್ಲಿ ಇಳಿದಾಗ ಗೋಣಿ ಘಮ್ಮೆನ್ನುತ್ತಿತ್ತು, 23ರಲ್ಲಿ 11 ಚೀಲದ ಅಂಕಿ ನೀಲಿ ಕಲೆಯಾಗಿತ್ತು. ಐದನ್ನು ಫೋಟೋ ನೋಡಿ ಗುರುತಿಸಿದೆ. ಉಳಿದ ಆರು ಹಸಿರು ಮೆಟಾಬಸಾಲ್ಟ್ (ಶಾಖ ಒತ್ತಡಕ್ಕೆ ಬದಲಾದ ಹಳೆಯ ಲಾವಾ ಕಲ್ಲು), ಒಂದಕ್ಕಿಂತ ಒಂದು ಬೇರೆ ಎಂದು ಹೆತ್ತವ್ವನೂ ಹೇಳಲಾರಳು. ಗೈಡ್ ಬೈಯಲಿಲ್ಲ. 'ಮತ್ತ ಹೋಗಿ ಬಾ' ಎಂದರು, ಅಷ್ಟೇ. ಹೋಗಿ ಬಂದೆ. ಅಂದಿನಿಂದ ಮೂರು ಗುರುತು: ಕಲ್ಲಿನ ಮೇಲೆ ಪೇಂಟ್ ಪೆನ್ನಿನಿಂದ, ಚೀಲದೊಳಗೆ ಪ್ಲಾಸ್ಟಿಕ್ ಜಿಪ್‌ನಲ್ಲಿ ಪೆನ್ಸಿಲ್ ಚೀಟಿ, ಚೀಲದ ಮೇಲೆ ಮಾರ್ಕರ್. ಪೆನ್ಸಿಲ್ ಎಣ್ಣೆಗೂ ಹೆದರುವುದಿಲ್ಲ, ನೀರಿಗೂ ಹೆದರುವುದಿಲ್ಲ. ರಾತ್ರಿ ಉಳಿದಲ್ಲಿ ಅಂದಿನ ಪುಟಗಳ ಫೋಟೋ ತೆಗೆದು ಗುಂಪಿನ ವಾಟ್ಸಾಪ್‌ಗೆ ಹಾಕುವುದು ನಾಲ್ಕನೆಯದು.

ಗದಗ ಸೀಮೆಯಲ್ಲಿ ಸುತ್ತಿಗೆ ಹಿಡಿದು ಹೊರಟರೆ ಒಂದು ಪ್ರಶ್ನೆ ತಪ್ಪದು: 'ಬಂಗಾರ ಸಿಕ್ತೇನ್ರಿ?' ಕೇಳುವವರ ತಪ್ಪಲ್ಲ. ಕಪ್ಪತಗುಡ್ಡದ ಸುತ್ತ, ಹೊಸೂರು, ಕಬಲಾಯತಕಟ್ಟಿ ಕಡೆ, 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಕಂಪನಿಗಳು ಚಿನ್ನಕ್ಕಾಗಿ ಅಗೆದಿದ್ದವು. ಹಳೆಯ ಗುಂಡಿಗಳು ಈಗಲೂ ಇವೆ, ಪೊದೆ ಮುಚ್ಚಿಕೊಂಡು ಬಾಯಿ ತೆರೆದಿರುತ್ತವೆ. ಅಲ್ಲಿ ಒಬ್ಬರೇ ಹೋಗಕೂಡದು. ಪ್ರಶ್ನೆಗೆ ನಕ್ಕು ಸುಮ್ಮನಾದರೆ ಅನುಮಾನ ಹೆಚ್ಚುತ್ತದೆ. ಕೂತು ನಕಾಶೆ ಬಿಚ್ಚಿ, ಅವರ ಹೊಲ ಎಲ್ಲಿದೆ ತೋರಿಸಿ, ಲೆನ್ಸ್ ಅವರ ಕಣ್ಣಿಗೆ ಹಿಡಿಯಿರಿ. ಒಮ್ಮೆ ಒಬ್ಬ ಅಜ್ಜ ಲೆನ್ಸಿನಲ್ಲಿ ಬಂಗಾರದಂತೆ ಹೊಳೆಯುವ ಪೈರೈಟ್ ಹರಳು ನೋಡಿ, 'ಇದು ಬಂಗಾರ ಅಲ್ಲೇಳು, ಬಂಗಾರ ಇಷ್ಟ ಮೆರ್ಯಾಂಗಿಲ್ಲ' ಎಂದ. ಪಠ್ಯಪುಸ್ತಕಕ್ಕಿಂತ ಚಲೋ ಹೇಳಿದ.

ಮರಳುವ ದಾರಿಯಲ್ಲಿ ಲಕ್ಕುಂಡಿಗೆ ಹೋಗಿ. ಅಲ್ಲಿನ ಗುಡಿಗಳ ಕಂಬ ನುಣುಪಾದ ಕ್ಲೋರೈಟ್ ಶಿಸ್ಟ್. ನೀವು ಸುತ್ತಿಗೆಯಿಂದ ಒಡೆಯುವ ಜಾತಿಯ ಕಲ್ಲನ್ನು ಚಾಲುಕ್ಯರ ಕಾಲದ ಶಿಲ್ಪಿ ಕೂದಲೆಳೆಯಷ್ಟು ಸಣ್ಣಗೆ ಕೆತ್ತಿದ್ದಾನೆ. ಸುತ್ತಿಗೆ ಮಾತ್ರ ಗಾಡಿಯಲ್ಲೇ ಇರಲಿ.

ಹೆಜ್ಜೆ 7: ಲ್ಯಾಬು

ತಂದ ದಿನವೇ ರಿಜಿಸ್ಟರ್. ಸಂಖ್ಯೆ, ಸ್ಥಳ, ತಂದವರು, ಇಟ್ಟ ಕಪಾಟು. ನಾಳೆ ಬರೆಯುತ್ತೇನೆ ಎಂದರೆ ನಾಳೆ ಬರುವುದಿಲ್ಲ. ಕತ್ತರಿಸುವ ಮೊದಲು ಅರ್ಧ ಕಲ್ಲು ಎತ್ತಿಡಿ, ಪರೀಕ್ಷಕರು ಕೇಳಿದಾಗ ತೋರಿಸಲು ಅದೇ ಸಾಕ್ಷಿ.

ಥಿನ್ ಸೆಕ್ಷನ್, ಅಂದರೆ ಬೆಳಕು ಹಾಯುವಷ್ಟು ತೆಳ್ಳಗಿನ ಕಲ್ಲಿನ ಹಾಳೆ, ಮಾಡುವುದನ್ನು ಬೇರೆಯವರಿಗೆ ಕೊಡಬೇಡಿ, ಕಡೇಪಕ್ಷ ಮೊದಲ ಹತ್ತನ್ನು. ವಜ್ರದ ಗರಗಸದಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪದ ಬಿಲ್ಲೆ ಕತ್ತರಿಸಿ, ಒಂದು ಮುಖವನ್ನು ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಮ್ ಪುಡಿಯಲ್ಲಿ ಉಜ್ಜಬೇಕು: 220, 400, 600, 1000. ಒಂದು ಪುಡಿಯಿಂದ ಮುಂದಿನದಕ್ಕೆ ಹೋಗುವಾಗ ಬಿಲ್ಲೆಯನ್ನೂ ಕೈಯನ್ನೂ ಉಗುರಿನ ಸಂದಿಯನ್ನೂ ತೊಳೆಯದಿದ್ದರೆ 220ರ ಒಂದೇ ಕಣ 1000ದ ಹೊಳಪಿಗೆ ಗೀರು ಹಾಕುತ್ತದೆ. ಒಣಗಿದ ಮುಖವನ್ನು ಎಪಾಕ್ಸಿಯಿಂದ ಗಾಜಿಗೆ ಅಂಟಿಸಿ, ಗುಳ್ಳೆ ಬರದಂತೆ ಒತ್ತಿ. ಗಾಜಿನ ಮೇಲೆ ವಜ್ರದ ಮೊನೆಯಿಂದ ಸಂಖ್ಯೆ ಕೆತ್ತುವುದು ಈಗಲೇ. ಆಮೇಲೆ ಇನ್ನೊಂದು ಮುಖ ಉಜ್ಜುತ್ತಾ 0.03 ಮಿಲಿಮೀಟರ್‌ಗೆ ಇಳಿಸಬೇಕು.

ಇಳಿದದ್ದು ಹೇಗೆ ಗೊತ್ತಾಗುತ್ತದೆ? ಕ್ವಾರ್ಟ್ಸ್, ಅಂದರೆ ಬೆಣಚುಕಲ್ಲು, ಹೇಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಬೆಳಕು ಸೋಸುವ ಎರಡೂ ಪೋಲರಾಯ್ಡ್ ಅಡ್ಡ ಹಾಕಿದಾಗ ಕ್ವಾರ್ಟ್ಸ್ ಹಳದಿಯೋ ಕೆಂಪೋ ಕಂಡರೆ ಇನ್ನೂ ದಪ್ಪ, ಬೂದು ಬಿಳಿಗೆ ಬಂದರೆ ಸರಿ. ಆ ಹಂತದಲ್ಲಿ ಹತ್ತು ಸೆಕೆಂಡು ಹೆಚ್ಚು ಉಜ್ಜಿದರೆ ಎರಡು ದಿನದ ಕೆಲಸ ನೀರಿನೊಂದಿಗೆ ಮೋರಿಗೆ. ನನ್ನ ಮೊದಲ ಹತ್ತರಲ್ಲಿ ನಾಲ್ಕು ಹಾಗೇ ಹೋದವು. ಐದನೆಯದು ಉಳಿಯಿತು, ಹುಬ್ಬಳ್ಳಿ ಹೊರವಲಯದ ಗ್ರೇವ್ಯಾಕ್. ಕೆಸರಿನಂಥ ಹಿನ್ನೆಲೆಯಲ್ಲಿ ಮೂಲೆ ಸವೆಯದ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಹರಳು, ನಡುವೆ ಕ್ಲೋರೈಟ್, ಶಾಯಿ ಚೆಲ್ಲಿದಂಥ ಕಡುನೀಲಿ. ಆ ಮಧ್ಯಾಹ್ನ ಊಟಕ್ಕೆ ಹೋಗಲಿಲ್ಲ.

ರಸಾಯನಕ್ಕೆ ಕಲ್ಲನ್ನು 200 ಮೆಶ್‌ಗೆ, ಅಂದರೆ ಸುಮಾರು 75 ಮೈಕ್ರಾನ್‌ಗೆ ಪುಡಿ ಮಾಡಬೇಕು. ಇಲ್ಲಿ ಕ್ರಮವೇ ಎಲ್ಲ. ಮೊದಲು ಕ್ವಾರ್ಟ್ಸ್ ಎಳೆ, ನಂತರ ಗ್ರೇವ್ಯಾಕ್, ನಂತರ ಮೆಟಾಬಸಾಲ್ಟ್, ಕೊನೆಗೆ ಬಿಐಎಫ್. ತಿರುವುಮುರುವಾದರೆ ಬಿಐಎಫ್‌ನ ಕಬ್ಬಿಣ ಕ್ವಾರ್ಟ್ಸಿಗೆ ಅಂಟಿ ನೀವು ಹೊಸ ಖನಿಜ ಕಂಡುಹಿಡಿದಂತಾಗುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆಯಲ್ಲಿ ಅರೆದರೆ ಟಂಗ್‌ಸ್ಟನ್ ಕೋಬಾಲ್ಟ್ ಅಂಕಿಗಳನ್ನು ನಂಬಬೇಡಿ. ಅಗೇಟ್ ನಿಧಾನ, ಆದರೆ ನಂಬಿಗಸ್ತ. ಎರಡು ಸ್ಯಾಂಪಲ್ ನಡುವೆ ಶುದ್ಧ ಕ್ವಾರ್ಟ್ಸ್ ಮರಳು ಅರೆದು ಚೆಲ್ಲಿ. ಪಾತ್ರೆ ತೊಳೆಯುವ ಪಾಳಿಯ ಪಟ್ಟಿ ಗೋಡೆಯ ಮೇಲಿರಲಿ. ಸಂಶೋಧನಾ ಗುಂಪುಗಳು ಒಡೆಯುವುದು ತತ್ವಕ್ಕಲ್ಲ, ತೊಳೆಯದ ಪಾತ್ರೆಗೆ.

ಕಲ್ಲಿನ ಧಾತುಗಳನ್ನು ಅಳೆಯುವ ಯಂತ್ರಗಳಾದ ಎಕ್ಸ್‌ಆರ್‌ಎಫ್‌ಗೋ ಐಸಿಪಿ-ಎಂಎಸ್‌ಗೋ ಹೊರಗೆ ಕಳಿಸುವಾಗ ಹತ್ತಕ್ಕೊಂದು ಸ್ಯಾಂಪಲನ್ನು ಬೇರೆ ಸಂಖ್ಯೆಯಲ್ಲಿ ಮತ್ತೆ ಕಳಿಸಿ. ಜೊತೆಗೆ ಬಿಎಚ್‌ವಿಒ-2ರಂಥ ಒಂದು ಪ್ರಮಾಣಿತ ಪುಡಿ. ಇದು ಹವಾಯಿಯ ಬಸಾಲ್ಟ್, ಅದರಲ್ಲಿ ಏನೆಷ್ಟಿದೆ ಎಂದು ಎಲ್ಲರಿಗೂ ಗೊತ್ತು. ಬಂದ ಉತ್ತರದಲ್ಲಿ ಮೊದಲು ನೋಡಬೇಕಾದ್ದು ನಿಮ್ಮ ಕಲ್ಲನ್ನಲ್ಲ, ಇವೆರಡನ್ನು. ಪ್ರಧಾನ ಆಕ್ಸೈಡುಗಳು ಮತ್ತು ಸುಟ್ಟಾಗಿನ ತೂಕನಷ್ಟ ಕೂಡಿಸಿದರೆ 100ರ ಆಸುಪಾಸು ಬರಬೇಕು. 94 ಬಂದರೆ ವ್ಯಾಖ್ಯಾನ ಬರೆಯಲು ಕೂರಬೇಡಿ, ಫೋನ್ ಮಾಡಿ.

ಹೆಜ್ಜೆ 8: ನೀರು ನಿಮ್ಮ ವಿಷಯವಾದರೆ

ಈ ಭಾಗದ ಗುಂಪುಗಳಲ್ಲಿ ಅರ್ಧದಷ್ಟು ಜನ ಕಲ್ಲಿಗಿಂತ ನೀರಿನ ಹಿಂದೆ ಇರುತ್ತಾರೆ, ಅದಕ್ಕೆ ಕಾರಣವೂ ಇದೆ. ಗದಗ ಜಿಲ್ಲೆಯ, ಅದರಲ್ಲೂ ಮುಂಡರಗಿ ಕಡೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹಳೆಯ ತೊಂದರೆ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಸ್ಯಾಂಪಲ್ ಎರಡು ಸಲ: ಮೇ ತಿಂಗಳಲ್ಲಿ, ಮತ್ತೆ ಮಳೆ ಮುಗಿದ ನವೆಂಬರಿನಲ್ಲಿ. ಬೋರ್ ಚಾಲೂ ಮಾಡಿ ಹತ್ತು ನಿಮಿಷ ಹರಿಯಬಿಡಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಗಲಬರಿಸಿ. ಎರಡು ಬಾಟಲಿ: ಲೋಹ ಅಳೆಯುವುದಕ್ಕೆ ನೈಟ್ರಿಕ್ ಆಸಿಡ್ ಹಾಕಿದ್ದು, ಫ್ಲೋರೈಡ್ ಕ್ಲೋರೈಡಿಗೆ ಹಾಕದ್ದು. ಪಿಎಚ್, ವಾಹಕತೆ, ತಾಪಮಾನ ಅಲ್ಲೇ ಅಳೆಯಬೇಕು, ಧಾರವಾಡಕ್ಕೆ ತಂದ ಮೇಲಲ್ಲ. ಫಲಿತಾಂಶ ಬಂದ ಮೇಲೆ ಧನ ಋಣ ಅಯಾನುಗಳ ಮೊತ್ತ ತಾಳೆ ನೋಡಿ, ವ್ಯತ್ಯಾಸ 5 ಶೇಕಡಾ ಒಳಗಿರಬೇಕು.

ಆಮೇಲೆ ವಾಪಸ್ ಹೋಗಿ. ಬೋರ್ ಚಾಲೂ ಮಾಡಿಕೊಟ್ಟ ಮನೆಯ ಹೆಣ್ಣುಮಗಳು ಕೇಳಿರುತ್ತಾಳೆ: 'ಈ ನೀರ ಕುಡೀಬಹುದೇನ್ರಿ?' ಪೇಪರ್ ಬರುವ ತನಕ ಕಾಯಬೇಕಿಲ್ಲ. ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಮನೆಗೂ ಪಂಚಾಯಿತಿಗೂ ಕೊಡಿ. ಹೀಗೆ ಮಾಡದ ಗುಂಪನ್ನು ಆ ಊರು ಎರಡನೇ ಸಲ ಒಳಗೆ ಬಿಡುವುದಿಲ್ಲ, ಬಿಡಲೂಬಾರದು.

ಹೆಜ್ಜೆ 9: ಬರೆಯುವುದು, ಹೆಸರು ಹಾಕುವುದು

ಪೇಪರನ್ನು ಚಿತ್ರದಿಂದ ಶುರು ಮಾಡಿ. ನಕಾಶೆ, ಫೀಲ್ಡ್ ಫೋಟೋ, ಸೂಕ್ಷ್ಮದರ್ಶಕದ ಫೋಟೋ, ಒಂದೆರಡು ಗ್ರಾಫು. ಇವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಪಕ್ಕದ ಲ್ಯಾಬಿನವರಿಗೆ ಕಥೆ ಹೇಳಿ. ಎಲ್ಲಿ ತಡವರಿಸಿದಿರೋ ಅಲ್ಲಿ ಡೇಟಾ ಕಡಿಮೆ ಇದೆ. ಯಾರ ಹೆಸರು, ಯಾವ ಕ್ರಮ ಎಂಬುದನ್ನು ಮೊದಲ ಕರಡಿಗೆ ಮುಂಚೆ ಮಾತಾಡಿ, ಕಾಗದದ ಮೇಲೆ. ನಿಮ್ಮೊಂದಿಗೆ ಬಿಸಿಲಲ್ಲಿ ತಿರುಗಿ ಅರ್ಥವನ್ನೂ ಚರ್ಚಿಸಿದ ಸಹಪಾಠಿಗೆ ಲೇಖಕರ ಸಾಲಿನಲ್ಲಿ ಜಾಗವಿರಬೇಕು. ಗಾಡಿ ಓಡಿಸಿದವರಿಗೆ, ಸೆಕ್ಷನ್ ಮಾಡಿಕೊಟ್ಟವರಿಗೆ ಕೃತಜ್ಞತೆಯಲ್ಲಿ ಹೆಸರು ಹಾಕಿ ಹೇಳಿ. ಕೆಲಸ ಮಾಡದವರ ಹೆಸರಿಗೆ ಜಾಗ ಕೊಡುವ ಪದ್ಧತಿ ಎಲ್ಲೆಡೆ ಇದೆ, ಇದೆ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ.

ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ 10 ಶೇಕಡಾ ಒಳಗಿದ್ದರೆ ಶಿಕ್ಷೆಯಿಲ್ಲ. ಇದನ್ನು ಕೇಳಿ 9 ಶೇಕಡಾ ನಕಲಿಗೆ ಪರವಾನಗಿ ಸಿಕ್ಕಿತೆಂದು ತಿಳಿಯುವವರಿದ್ದಾರೆ. ಮತ್ತೊಂದು ಅಪಾಯ, ವಾರದೊಳಗೆ ಪ್ರಕಟಿಸುತ್ತೇವೆ, ಇಷ್ಟು ಸಾವಿರ ಕೊಡಿ ಎಂಬ ಇಮೇಲ್. 2022ರ ನಿಯಮದ ನಂತರ ಥೀಸಿಸ್ ಸಲ್ಲಿಸಲು ಯುಜಿಸಿ ಪೇಪರ್ ಕಡ್ಡಾಯ ಮಾಡಿಲ್ಲ. ಹಾಗಾಗಿ ಅವಸರಕ್ಕೆ ಬಿದ್ದು ಒಳ್ಳೆಯ ಡೇಟಾವನ್ನು ಅಂಥಲ್ಲಿ ಹೂಳಬೇಡಿ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನೆಂದು ಕಚೇರಿಯಲ್ಲಿ ಲಿಖಿತವಾಗಿ ಕೇಳಿಟ್ಟುಕೊಳ್ಳಿ.

ಹೆಜ್ಜೆ 10: ಹೊರಡುವಾಗ

ಕೊನೆಯ ತಿಂಗಳಲ್ಲಿ ಎಲ್ಲರೂ ಬೈಂಡಿಂಗ್ ಅಂಗಡಿ, ಸಹಿ, ನೋ ಡ್ಯೂ ಎಂದು ಓಡುತ್ತಾರೆ. ಎರಡು ದಿನ ಮಾತ್ರ ಕಲ್ಲಿಗೆ ಎತ್ತಿಡಿ. ಕಪಾಟಿನ ಮುಂದೆ ಜೂನಿಯರನ್ನು ಕೂಡಿಸಿಕೊಂಡು ರಿಜಿಸ್ಟರಿನ ಒಂದೊಂದು ಸಾಲನ್ನೂ ಕಲ್ಲಿನೊಂದಿಗೆ ತಾಳೆ ನೋಡಿ. ಸೆಕ್ಷನ್ ಪೆಟ್ಟಿಗೆ, ಉಳಿದ ಪುಡಿ, ನೋಟ್‌ಬುಕ್ಕಿನ ಸ್ಕ್ಯಾನ್, ಕ್ಯೂಜಿಐಎಸ್ ಕಡತ, ಎರಡು ಹಾರ್ಡ್‌ಡಿಸ್ಕ್‌ನಲ್ಲಿ. ಮೂಲ ನೋಟ್‌ಬುಕ್ ಮನೆಗೆ ಒಯ್ಯಬೇಡಿ. ಅದು ಗುಂಪಿನದು.

ನಾನು ಹೊರಡುವ ವಾರ ನನ್ನ ಜೂನಿಯರ್ ಆ ಬಾಗಿಲುಗಲ್ಲನ್ನೂ ಎತ್ತಿ ತಂದು ಮೇಜಿನ ಮೇಲಿಟ್ಟಳು. 'ಇದನ್ನೂ ಬರೀರಿ' ಎಂದಳು. ಏನಂತ ಬರೆಯುವುದು? ಇಬ್ಬರೂ ನಕ್ಕೆವು. ಆಮೇಲೆ ಅವಳೇ ಪೆನ್ಸಿಲ್ ತೆಗೆದುಕೊಂಡು ಬರೆದಳು: 'ಸಂಖ್ಯೆ: ಬಾಗಿಲು-1. ಶಿಲೆ: ಬಿಐಎಫ್. ತೂಕ: 6.4 ಕಿಲೋ. ತಂದವರು: ಗೊತ್ತಿಲ್ಲ. ಸ್ಥಳ: ಲ್ಯಾಬಿನ ಬಾಗಿಲು, ಎಡಗಡೆ.'